ನಲವತ್ತೊಂದು ಪುಟಗಳ ಬಿಳುಪು

ಯಂತ್ರ ಮತ್ತೆ ಉಸಿರಾಡತೊಡಗಿ ಹನ್ನೆರಡು ನಿಮಿಷವಾಗಿತ್ತು. ಅವನ ಉಸಿರು ಮಾತ್ರ ಇನ್ನೂ ಹದಕ್ಕೆ ಬಂದಿರಲಿಲ್ಲ. ನೆಲಮಾಳಿಗೆಯ ಆ ಕೋಣೆಯ ಕೃತಕ ಶೈತ್ಯ ಕುತ್ತಿಗೆಯ ಬೆವರನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಆಳೆತ್ತರದ ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಮಲಗಿದ್ದ ಪೆಟ್ಟಿಗೆಗಳ ಮುಖದಲ್ಲಿ ಹಸಿರು ದೀಪಗಳು, ಏನೂ ನಡೆದೇ ಇಲ್ಲವೆಂಬಂತೆ, ಮಿಣುಕುತ್ತಿದ್ದವು. ಪಾರಾದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮಾತನ್ನು ತಾನೇ ನಂಬಲಿಲ್ಲ. ಬಲಗೈಯಲ್ಲಿ ಸೋಪಿನ ಬಿಲ್ಲೆಯಷ್ಟು ದೊಡ್ಡ ಹೊಸ ಬ್ಯಾಟರಿ ಹಾಗೇ ಇತ್ತು. ಎಲ್ಲಿಡಬೇಕೆಂದು ತೋಚದೆ ಅಂಗಿಯ ಜೇಬಿಗಿಳಿಸಿದ. ಜೇಬು ಜೋತುಬಿದ್ದಿತು.

ನಡೆದದ್ದು ನೋಡಿದರೆ ಎಷ್ಟು ಅಲ್ಪ. ನ್ಯಾಯಾಲಯದ ಕಡತಗಳೆಲ್ಲ ಬಂದು ಸೇರುವ ಆ ಸರ್ವರಿನೊಳಗಿನ ಹಳೆಯ ಬ್ಯಾಟರಿಯ ಮೇಲಿನ ಮಾದರಿ ಅಂಕಿಯನ್ನೂ ಇಂದು ಬೆಳಿಗ್ಗೆ ಬಂದ ಹೊಸದರ ಅಂಕಿಯನ್ನೂ ಒಮ್ಮೆ ತಾಳೆ ನೋಡಬೇಕಿತ್ತು. ಯಂತ್ರವನ್ನು ನಿಲ್ಲಿಸಿ ನೋಡಬೇಕಾದರೆ ಶಿರಸ್ತೇದಾರರ ಲಿಖಿತ ಅಪ್ಪಣೆ ಬೇಕು. ಅಪ್ಪಣೆ ಕೇಳಿದರೆ ಕಾರಣ ಹೇಳಬೇಕು. ಕಾರಣ ಹೇಳುವ ಬಾಯಿ ಅವನಿಗಿರಲಿಲ್ಲ. ಆದ್ದರಿಂದ ಒಂದೂವರೆಗೆ ಊಟದ ವಿರಾಮದ ಗಂಟೆ ಹೊಡೆದು ಮೂರು ನಿಮಿಷ ಕಳೆಯಲೆಂದು ಕಾದು, ಓಡುತ್ತಿದ್ದ ಯಂತ್ರವನ್ನೇ ಅದರ ಹಳಿಗಳ ಮೇಲೆ ಒಂದು ಮೊಳ ಮುಂದಕ್ಕೆ ಎಳೆದಿದ್ದ. ಹಿಂದೆ ಎಷ್ಟೋ ಸಲ ಎಳೆದದ್ದೇ. ಆದರೆ ಹೋದ ವರ್ಷ, ನೋಡಲು ಅಚ್ಚುಕಟ್ಟಾಗಿರಲೆಂದು, ಹಿಂಬದಿಯ ಎರಡು ವಿದ್ಯುತ್ ತಂತಿಗಳನ್ನೂ ಸೇರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದವನೂ ಅವನೇ. ಒಂದು ಹೋದರೆ ಇನ್ನೊಂದಿರಲಿ ಎಂದು ಎರಡು ಕೊಟ್ಟವರ ವಿವೇಕವನ್ನು ಆ ಪಟ್ಟಿ ಒಂದೇ ಎಳೆತಕ್ಕೆ ಮಣ್ಣುಗೂಡಿಸಿತು. ಎರಡೂ ಒಟ್ಟಿಗೆ ಕಿತ್ತುಬಂದವು. ಟಕ್ಕೆಂದು ಒಂದು ಸದ್ದು, ಆಮೇಲೆ ಆ ಪೆಟ್ಟಿಗೆಯ ಮೌನ. ಈ ಯಂತ್ರಗಳನ್ನು ನೋಡಿಕೊಂಡ ಹನ್ನೊಂದು ವರ್ಷಗಳಲ್ಲಿ ಅದನ್ನು ಅವನು ಕೇಳಿದ್ದು ಅದೇ ಮೊದಲು.

ಬರೆದದ್ದೆಲ್ಲ ಬರೆದ ಕ್ಷಣದಲ್ಲೇ ಉಳಿಯುವುದಿಲ್ಲವೆಂಬುದನ್ನು ಮೇಲಿನ ಮಹಡಿಗಳಲ್ಲಿ ಯಾರೂ ಅರಿಯರು. ಯಂತ್ರಕ್ಕೆ ಎರಡು ಬಗೆಯ ಸ್ಮೃತಿ. ಒಂದು ಚಂಚಲ, ಕಣ್ಣೆವೆ ಇಕ್ಕುವಷ್ಟರಲ್ಲಿ ಗ್ರಹಿಸುತ್ತದೆ, ಆದರೆ ವಿದ್ಯುತ್ತು ಹರಿಯುವಷ್ಟು ಹೊತ್ತು ಮಾತ್ರ ಧರಿಸುತ್ತದೆ. ಇನ್ನೊಂದು ಸ್ಥಿರ; ನಿಧಾನಿ, ಆದರೆ ಕತ್ತಲಲ್ಲೂ ಮರೆಯದು. ಇವೆರಡರ ನಡುವೆ ಕುಳಿತ ಒಂದು ಕಾರ್ಡು, ಬಂದದ್ದನ್ನು ಮೊದಲು ಚಂಚಲ ಸ್ಮೃತಿಯಲ್ಲಿಟ್ಟುಕೊಂಡು, ಬರೆದವರಿಗೆ 'ಉಳಿಸಲಾಗಿದೆ' ಎಂದು ಮಾತು ಕೊಟ್ಟು, ಅನಂತರ ತನ್ನ ಬಿಡುವು ನೋಡಿಕೊಂಡು ಸ್ಥಿರ ಸ್ಮೃತಿಯಾದ ಡಿಸ್ಕಿಗೆ ಇಳಿಸುತ್ತದೆ. ಕೊಟ್ಟ ಮಾತಿಗೂ ನಡೆಸಿದ ಮಾತಿಗೂ ನಡುವೆ ಕೆಲವು ಕ್ಷಣಗಳ ಸಂಧಿ. ಆ ಸಂಧಿಯಲ್ಲಿ ವಿದ್ಯುತ್ತು ಹೋದರೂ ಮಾತು ಸುಳ್ಳಾಗದಂತೆ ಕಾಯುವುದೇ ಆ ಬ್ಯಾಟರಿಯ ಏಕಮಾತ್ರ ಧರ್ಮ. ಮೂರು ತಿಂಗಳ ಹಿಂದೆ ಅದು ಸತ್ತಿತು. ಸತ್ತ ಕೂಡಲೇ ಕಾರ್ಡು, ಯಂತ್ರಗಳಿಗಷ್ಟೇ ಸಾಧ್ಯವಾದ ನಿಷ್ಠೆಯಿಂದ, ಡಿಸ್ಕಿಗೆ ಇಳಿಯುವ ತನಕ ಯಾರಿಗೂ ಮಾತು ಕೊಡುವುದನ್ನೇ ನಿಲ್ಲಿಸಿತು. ಕಚೇರಿಯೆಲ್ಲ ನಿಧಾನವಾಯಿತು. ಶಿರಸ್ತೇದಾರರು ಮೆಟ್ಟಿಲ ಮೇಲೆ ನಿಂತು, ನಾಲ್ಕು ಜನರಿಗೆ ಕೇಳುವಂತೆ, ಯಂತ್ರ ನೋಡಿಕೊಳ್ಳುವ ಅವನಿಗೆ ತಾವೇ ಇಟ್ಟ ಅಡ್ಡಹೆಸರು ಹಿಡಿದು, "ಏನ್ ಡಾಕ್ಟ್ರೇ, ನಿಮ್ಮ ಮೆಷಿನ್ನಿಗೆ ಮಲಬದ್ಧತೆನಾ? ಒಳಗೆ ಹಾಕಿದ್ದು ಇಳಿಯೋಕೆ ಇಷ್ಟು ಹೊತ್ತಾ? ಏನಾದ್ರೂ ಕಷಾಯ ಕುಡಿಸ್ರೀ" ಎಂದಿದ್ದರು. ನಾಲ್ವರೂ ನಕ್ಕಿದ್ದರು. ಅಂದು ಸಂಜೆ ಅವನು ಕಾರ್ಡಿನ ಆಯ್ಕೆಗಳ ಪಟ್ಟಿಯಲ್ಲಿ, ಬ್ಯಾಟರಿ ಇಲ್ಲದಿದ್ದರೂ ವೇಗವಾಗಿಯೇ ಬರೆ ಎಂಬ ಸಾಲಿನ ಮುಂದೆ ಗುರುತು ಹಾಕಿದ. ಯಂತ್ರ ಎರಡು ಸಲ ಕೇಳಿತು, ನಿಶ್ಚಯವೇ ಎಂದು. ಎರಡು ಸಲವೂ ಹೌದೆಂದ. ಮರುದಿನ ಕಚೇರಿ ಚುರುಕಾಯಿತು. ಶಿರಸ್ತೇದಾರರು ಹೆಗಲು ತಟ್ಟಿದರು. ವಾರಕ್ಕೊಮ್ಮೆಯ ತಪಾಸಣೆಯ ಪುಸ್ತಕದಲ್ಲಿ 'ಬ್ಯಾಟರಿ: ಸರಿಯಿದೆ' ಎಂದು ಬರೆದ. ಹೀಗೆ ಹದಿಮೂರು ವಾರ, ಹದಿಮೂರು ಸಲ, ಮುದ್ದಾದ ಅಕ್ಷರಗಳಲ್ಲಿ.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಮೇಲೆ ವಿಚಾರಣೆ ನಡೆಯುವ ಸಭಾಂಗಣದ ಬೆರಳಚ್ಚುಗಾರ್ತಿ.

"ಸಾರ್, ಸ್ವಲ್ಪ ಮೇಲೆ ಬರ್ತೀರಾ?"

"ಏನಾಯ್ತು?"

"ಬೆಳಿಗ್ಗೆಯ ಸಾಕ್ಷಿ ಹೇಳಿಕೆ ಸಾರ್. ಸಹಿಗೆ ಪ್ರಿಂಟ್ ತೆಗೆಯೋಣ ಅಂತ ತೆರೆದೆ. ನಲವತ್ತೊಂದು ಪುಟ ಅಂತ ಸರಿಯಾಗೇ ತೋರಿಸ್ತಿದೆ. ಆದ್ರೆ... ಬರೀ ಬಿಳಿ ಸಾರ್."

"ಎಷ್ಟು ಹೊತ್ತಿಗೆ ಉಳಿಸಿದ್ರಿ?"

"ಗಂಟೆ ಹೊಡೆದ ಮೇಲೆ. ಎಲ್ರೂ ಊಟಕ್ಕೆ ಎದ್ರು. ನಾನು ಒಂದು ಸಲ ತಪ್ಪು ತಿದ್ದಿ ಆಮೇಲೆ ಕಳಿಸೋಣ ಅಂತ ಎರಡು ಮೂರು ನಿಮಿಷ ಕೂತಿದ್ದೆ."

ಎರಡು ಮೂರು ನಿಮಿಷ. ಆ ಶ್ರದ್ಧೆಗಾಗಿ ಅವಳನ್ನು ಅವನು ಒಂದು ಕ್ಷಣ ಮನಸಾರೆ ದ್ವೇಷಿಸಿದ.

ಮೆಟ್ಟಿಲೇರಿ ಬಂದರೆ ಉದ್ದನೆಯ ಮೊಗಸಾಲೆ, ಗೋಡೆಗೊರಗಿಸಿದ ಬೆಂಚು. ಅದರ ತುದಿಯಲ್ಲಿ ಆ ಸಾಕ್ಷಿ ಹೆಂಗಸು ಕುಳಿತಿದ್ದಳು. ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆ ಅದ್ದುವವಳು. ಮೊಣಕೈವರೆಗೂ ಚರ್ಮ ತೊಳೆದರೂ ಹೋಗದ ನೀಲಿ. ಕಾರ್ಖಾನೆಯ ಬಾಯ್ಲರ್ ಸಿಡಿದು ಮೂವರು ಬೆಂದುಹೋಗಿ ಎರಡು ವರ್ಷವಾಗಿತ್ತು. ಹೆಚ್ಚಾದ ಹಬೆ ತಾನಾಗಿ ಹೊರಹೋಗುವ ವಾಲ್ವನ್ನು ಯಾರೋ ತಂತಿಯಿಂದ ಕಟ್ಟಿಹಾಕಿದ್ದರು. ಕಟ್ಟಿದ ಕೈಯನ್ನು ಕಂಡವಳು ಇವಳೊಬ್ಬಳೇ. ಕಟ್ಟಿದವನು ಅಲ್ಲಿಯ ಮೇಸ್ತ್ರಿ, ಅವಳ ಒಡಹುಟ್ಟಿದ ಅಣ್ಣ. ಎರಡು ವರ್ಷ ಬಾಯಿ ಕಟ್ಟಿಕೊಂಡಿದ್ದವಳು ಇಂದು ಬೆಳಿಗ್ಗೆ ಬಾಯಿ ಬಿಟ್ಟಿದ್ದಳು. ಇನ್ನು ಅವಳ ಹೆಬ್ಬೆಟ್ಟೊಂದು ಬಿದ್ದರೆ ಮುಗಿಯಿತು. ಇದೆಲ್ಲ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಹೇಳಿಕೆ ಹೇಗೆ ಅಳಿಯಿತೆಂಬುದು ಅವನಿಗೆ ಮಾತ್ರ ಗೊತ್ತಿತ್ತು. ಹಾದುಹೋಗುವಾಗ ಅವಳು ಕಾಲುಗಳನ್ನು ಬೆಂಚಿನಡಿಗೆ ಎಳೆದುಕೊಂಡು ದಾರಿ ಬಿಟ್ಟಳು, ಅವನು ಯಾರೋ ದೊಡ್ಡವನೆಂಬಂತೆ.

ಸಭಾಂಗಣದಲ್ಲಿ ಶಿರಸ್ತೇದಾರರು ಬಾಯಲ್ಲಿ ಇನ್ನೂ ಊಟದ ಕೊನೆಯ ತುತ್ತಿರುವಂತೆಯೇ ಬೆರಳಚ್ಚುಗಾರ್ತಿಯ ಹಿಂದೆ ನಿಂತಿದ್ದರು. ಪರದೆಯ ಮೇಲೆ ಪುಟಗಳು ಉರುಳಿದವು: ಒಂದು, ಎರಡು, ಹತ್ತು, ನಲವತ್ತೊಂದು. ಹಾಲಿನಂಥ, ಸುಣ್ಣದಂಥ, ಏನನ್ನೂ ಕೇಳದ ಬಿಳುಪು. ಜಾಗ ಹಿಡಿದಿಟ್ಟಿತ್ತು, ಕೂರಬೇಕಾದವರು ಬಂದಿರಲಿಲ್ಲ.

"ನಿನ್ನ ಮೆಷಿನ್ನಲ್ಲಿದ್ದ ಕರಡು?" ಎಂದರು ಶಿರಸ್ತೇದಾರರು.

"ಅಳಿಸಿದೆ ಸಾರ್. ಸರ್ವರಿಗೆ ಹೋದ ಮೇಲೆ ಪೂರ್ತಿ ಅಳಿಸ್ಬೇಕು ಅಂತ ನೀವೇ ಸುತ್ತೋಲೆ ಹೊರಡಿಸಿದೀರಲ್ಲ."

"ಸರ್ವರಿಗೆ ಹೋದ ಮೇಲೆ ಅಂದಿದೀನಿ, ಹೋಗೋ ಮುಂಚೆ ಅಂದಿಲ್ಲ. ನೀನು ಉಳಿಸೋದು ಒತ್ತಿದ್ಯಾ?"

"ಒತ್ತಿದೆ ಸಾರ್. 'ಉಳಿಸಲಾಗಿದೆ' ಅಂತ ಬಂತು."

"ಬಂತಾ? ಕಣ್ಣಾರೆ ನೋಡಿದ್ಯಾ?"

"ನೋಡ್ದೆ."

"ಹೊಟ್ಟೆ ಹಸ್ದಿತ್ತು, ಡಬ್ಬಿ ಕರೀತಿತ್ತು. ಸರಿಯಾಗಿ ಜ್ಞಾಪಿಸ್ಕೋ."

ಬೆರಳಚ್ಚುಗಾರ್ತಿ ಪರದೆಯನ್ನು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡಳು; ಅವೂ ಏನೂ ಹೇಳಲಿಲ್ಲ. "ನೋಡ್ದೆ ಅಂತಾನೇ... ಅನ್ಸತ್ತೆ ಸಾರ್. ದಿನಾ ಬರತ್ತಲ್ಲ, ಅದಕ್ಕೇ ಇವತ್ತೂ ಬಂತು ಅನ್ಕೊಂಡ್ನೋ ಏನೋ."

ಅವಳು ನೋಡಿದ್ದು ನಿಜವೆಂದು ಈ ಭೂಮಿಯ ಮೇಲೆ ಬಲ್ಲವನು ಅವನೊಬ್ಬನೇ. ಅವನ ಕಣ್ಣೆದುರಿನಲ್ಲೇ ಆ ನಿಜ ಅವಳೊಳಗಿನಿಂದ ಸೋರಿಹೋಗುತ್ತಿತ್ತು. ಇಂಥದೇ ಮುಖವನ್ನು ಎಲ್ಲಿ ನೋಡಿದ್ದೆ? ಗೋಡೆ ಗಡಿಯಾರದ ಕೆಳಗೆ, ಸ್ಟೂಲಿನ ಪಕ್ಕ, ಅಕ್ಕ. ಅವನಿಗೆ ಏಳು, ಅವಳಿಗೆ ಹತ್ತು. ಕೀಲಿ ಇನ್ನೂ ತಿರುಗುತ್ತದೆಯೇ ಎಂಬ ಕುತೂಹಲಕ್ಕೆ ತಿರುಗಿಸಿ ತಿರುಗಿಸಿ, ಒಳಗೆ ಏನೋ ಕಳಚಿ ಝರ್ರೆಂದು ಬಿಚ್ಚಿಕೊಂಡಾಗ ಅವನು ಹಿತ್ತಿಲಿಗೆ ಓಡಿದ್ದ. ಅಪ್ಪ ಬಂದು, ನೀನೇ ತಾನೆ, ನಿನ್ನೆ ಕೀಲಿ ಕೊಟ್ಟವಳು ನೀನೇ ತಾನೆ ಎಂದು ಕೇಳಿ ಕೇಳಿ ಹೊಡೆದರು. ಮೊದಲು ಇಲ್ಲವೆಂದಳು; ಆಮೇಲೆ ಗೊತ್ತಿಲ್ಲವೆಂದಳು; ಕೊನೆಗೆ ಹೌದೆಂದಳು. ಆಶ್ಚರ್ಯ ಅದಲ್ಲ. ಹೋದ ತಿಂಗಳು ಮನೆಗೆ ಬಂದಾಗ, ಅವನ ಹೆಂಡತಿಯೆದುರು ಬಾಯಿ ತುಂಬ ನಗುತ್ತ, "ಚಿಕ್ಕವಳಿದ್ದಾಗ ನಾನೇನು ಕಡಿಮೆ ಕಿಲಾಡಿನಾ? ಅಪ್ಪನ ಗಡಿಯಾರಾನೇ ಕೆಡಿಸಿಟ್ಟಿದ್ದೆ ಕಣೇ. ಕೇಳು ಬೇಕಾದ್ರೆ ಇವನನ್ನ!" ಎಂದಳು. ಅವಳಿಗೆ ಆ ಸ್ಟೂಲು ಹತ್ತಿದ್ದು ನೆನಪಿತ್ತು, ಕೀಲಿಯ ತಂಪು ಸಹ ನೆನಪಿತ್ತು. ಅವನು ಅನ್ನ ಕಲಸುತ್ತ, "ಹೂಂ" ಎಂದಿದ್ದ.

"ಡಾಕ್ಟ್ರೇ, ನಿಮ್ಮ ಮೆಷಿನ್ ಸರಿಯಿದೆ ತಾನೆ?"

"ಹೂಂ," ಎಂದ.

ಎಂದದ್ದು ಕೇಳಿಸಿದ ಮೇಲಷ್ಟೇ ತಾನು ಎಂದದ್ದು ತಿಳಿಯಿತು.

"ಮುಗೀತಲ್ಲ. ಮೂರೂ ಬಿಟ್ಟ ಕೆಲಸ ನಿಂದೇ ಕಣಮ್ಮ," ಎಂದು ಶಿರಸ್ತೇದಾರರು ಬಾಯಿ ಒರೆಸಿಕೊಂಡರು. "ಸಾಹೇಬರ ಕಿವಿಗೆ ಹಾಕ್ತೀನಿ. ವಿಚಾರಣೆ ಆಗ್ಲಿ, ಸಾಕ್ಷಿಗೆ ಮುಂದಿನ ತಿಂಗಳು ವಾಯಿದೆ ಹಾಕೋಣ. ನಿನ್ನ ಹಂಗಾಮಿ ಅವಧಿ ಈ ತಿಂಗಳಿಗೆ ಮುಗಿಯತ್ತೆ ಅಲ್ವಾ? ಅಲ್ಲಿಗೆ ಸರಿಹೋಯ್ತು." ಅವರ ಧ್ವನಿ ಮೊಗಸಾಲೆಯ ಕೊನೆಯವರೆಗೂ ಹೋಗುವಂಥದು, ಹೋಯಿತು.

ಅವರು ಹೊರಗೆ ನಡೆದ ಮೇಲೆ ಬೆರಳಚ್ಚುಗಾರ್ತಿ ಅವನ ಕಡೆ ತಿರುಗಲಿಲ್ಲ. ಕೀಲಿಮಣೆಗೆ ಹೇಳುವವಳಂತೆ ಹೇಳಿದಳು. "ಮುಂದಿನ ತಿಂಗಳು ಆ ಅಮ್ಮ ಬರಲ್ಲ ಸಾರ್. ಬಂದ್ರೂ ಹೇಳಲ್ಲ. ಬೆಳಿಗ್ಗೆ ನೀವು ಕೇಳ್ಬೇಕಿತ್ತು. ಒಂದೊಂದು ಮಾತಿಗೂ ನಮ್ಮಣ್ಣ ನಮ್ಮಣ್ಣ. ನಮ್ಮಣ್ಣ ತಂತಿ ಕಟ್ಟಿದ, ಆದ್ರೆ ಮಾಲೀಕರ ಕಡೆಯವರು ನಿಂತು ಕಟ್ಸಿದ್ರು. ನಮ್ಮಣ್ಣ ಮನೆಗೆ ಬಂದು ಉಣ್ಲಿಲ್ಲ, ನನ್ನ ಕೈ ಹಿಡ್ಕೊಂಡು ಅತ್ತ. ಅವನು ಕೆಟ್ಟವನಲ್ಲ ಸ್ವಾಮಿ, ಹೆದರುಪುಕ್ಕಲ, ಅಷ್ಟೇ. ಹೀಗೆ. ನಲವತ್ತೊಂದು ಪುಟದಲ್ಲಿ ಅರ್ಧ ಅವನನ್ನ ಹಿಡಿದುಕೊಟ್ಲು, ಅರ್ಧ ಅವನನ್ನ ಕಾಪಾಡಿದ್ಲು. ನಂಗೆ ಟೈಪ್ ಮಾಡ್ತಾ ಕಣ್ಣು ಮಂಜಾಯ್ತು." ಕಣ್ಣೊರೆಸಿಕೊಂಡು, "ಅದಕ್ಕೇ ಇರ್ಬೇಕು. ಒತ್ತಿಲ್ಲ ಕಾಣತ್ತೆ ನಾನು," ಎಂದಳು.

ಅವನು ಕೆಳಗಿಳಿದು ಬಂದ. ಏನಾದರೂ ಸಿಕ್ಕೀತೇ ಎಂದು ನೋಡುತ್ತೇನೆ ಎಂದು ಅವಳಿಗೆ ಹೇಳಿದ್ದ. ಏನೂ ಸಿಕ್ಕದೆಂಬುದು ಅವನಿಗೆ ಮೊದಲೇ ಗೊತ್ತಿತ್ತು. ಚಂಚಲ ಸ್ಮೃತಿಯಲ್ಲಿದ್ದದ್ದು ಹೋದರೆ ಬೂದಿಯೂ ಉಳಿಯುವುದಿಲ್ಲ. ಆದರೆ ಆ ಕಾರ್ಡಿನ ಮೂಲೆಯಲ್ಲಿ ಕಿರುಬೆರಳ ಉಗುರಿನಷ್ಟಗಲದ ಇನ್ನೊಂದು ಚಿಪ್ ಇತ್ತು. ಕಾರ್ಡು ತನ್ನ ದಿನಚರಿಯನ್ನು ಬರೆದಿಡುವುದು ಅದರಲ್ಲಿ. ಅದಕ್ಕೆ ವಿದ್ಯುತ್ತು ಬೇಡ, ಬ್ಯಾಟರಿ ಬೇಡ. ಪರದೆಯ ಮೇಲೆ ಅದನ್ನು ತೆರೆದ. ಎಲ್ಲವೂ ಅಲ್ಲಿತ್ತು. ಒಂದು ಗಂಟೆ ಮೂವತ್ತಮೂರು ನಿಮಿಷ ಏಳನೆಯ ಸೆಕೆಂಡು: ಸಭಾಂಗಣದಿಂದ ಬಂದ ಕಡತ ಸ್ವೀಕೃತ, ಉಳಿಸಲಾಗಿದೆಯೆಂದು ತಿಳಿಸಲಾಯಿತು. ಒಂಬತ್ತನೆಯ ಸೆಕೆಂಡು: ವಿದ್ಯುತ್ ನಷ್ಟ, ಬ್ಯಾಟರಿ ಇಲ್ಲ, ಡಿಸ್ಕಿಗೆ ಇಳಿಯದ ಬರಹ ನಷ್ಟ. ನಡುವೆ ಎರಡು ಸೆಕೆಂಡು. ಅದಕ್ಕೂ ಮೇಲೆ, ಮೂರು ತಿಂಗಳ ಹಿಂದಿನ ದಿನಾಂಕದ ಎದುರಿಗೆ, ಗುರುತು ಹಾಕಿದವನ ಹೆಸರು, ಎರಡು ಸಲ ಹೌದೆಂದದ್ದು ಎರಡು ಸಾಲು. ಒಬ್ಬ ಹೆಂಗಸಿನ ಎರಡು ವರ್ಷಗಳ ಸಂಕಟವನ್ನು ಎರಡು ಸೆಕೆಂಡು ಹೊರಲಾರದ ಯಂತ್ರ ಅವನ ಪಾಪವನ್ನು ಅಕ್ಷರಶಃ ಜೋಪಾನ ಮಾಡಿತ್ತು. ಪರಮಾತ್ಮನ ಸಾಕ್ಷಿತ್ವವನ್ನು ಅವನು ದಿನವೂ ಕಣ್ಣು ಮುಚ್ಚಿ ಸ್ಮರಿಸುತ್ತಿದ್ದ. ಸರ್ವವನ್ನೂ ನೋಡುವವನು ಒಬ್ಬನಿದ್ದಾನೆಂದು ಹೇಳಿಕೊಳ್ಳುವುದು ಎಷ್ಟು ಸುಲಭವಾಗಿತ್ತು, ಅವನು ಬಾಯಿಬಿಡುವವನಲ್ಲವೆಂಬ ಧೈರ್ಯದಿಂದ.

ಪರದೆಯ ಕೆಳತುದಿಯಲ್ಲಿ, ದಿನಚರಿ ಅಳಿಸು ಎಂಬ ಗುಂಡಿ. ಇಷ್ಟೂ ವರ್ಷ ಅದು ಅಲ್ಲೇ ಇತ್ತು. ಇಂದು ದೊಡ್ಡದಾಗಿ ಕಂಡಿತು. ಒಂದು ಒತ್ತು. ಆಮೇಲೆ ಬೆರಳಚ್ಚುಗಾರ್ತಿ ಒತ್ತಲಿಲ್ಲವೆಂಬುದೇ ನಿಜ. ಅವಳೇ ಒಪ್ಪಿಯಾಗಿದೆ, ಇನ್ನೊಂದು ಹತ್ತು ವರ್ಷಕ್ಕೆ ನಗುತ್ತಲೂ ಹೇಳಬಹುದು. ಬೆರಳು ಒಯ್ದ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ. ಕೈ ಸೋತು ಪಕ್ಕಕ್ಕೆ ಬಿದ್ದಾಗ ಅದು ಪುಣ್ಯದಿಂದ ಬಿದ್ದದ್ದೋ ಬರಿಯ ನಿಶ್ಶಕ್ತಿಯಿಂದಲೋ ಅವನಿಗೆ ತಿಳಿಯಲಿಲ್ಲ. ಎರಡು ಹಾಳೆಗಳಲ್ಲಿ ದಿನಚರಿಯನ್ನು ಮುದ್ರಿಸಿ, ಮಡಿಸಿ, ಮೆಟ್ಟಿಲೇರತೊಡಗಿದ. ಕೊಡುತ್ತೇನೆಂದು ಇನ್ನೂ ನಿಶ್ಚಯಿಸಿರಲಿಲ್ಲ. ಕಾಗದ ಕೈಯಲ್ಲಿತ್ತು, ಅಷ್ಟೆ.

ಮೆಟ್ಟಿಲು ತಿರುಗುವಲ್ಲಿ ಮೇಲಿನಿಂದ ಗಂಡಸಿನ ಮಾತು ಕೇಳಿ ನಿಂತ. ಜಾಮೀನಿನ ಮೇಲಿದ್ದ ಮೇಸ್ತ್ರಿ ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ತಂಗಿಯ ಮೊಣಕಾಲ ಮೇಲೆ ಕೈಯಿಟ್ಟಿದ್ದ.

"ಪುಟ್ಟೀ, ಅಳಿಸಿಹೋಗಿದೆಯಂತೆ ಕಣೇ. ದೇವರೇ ಅಳಿಸಿದಾನೆ ಅಂತ ತಿಳ್ಕೋ. ಇನ್ನೊಂದು ಸಲ ಕೇಳಿದ್ರೆ ಬೇರೆ ಥರ ಹೇಳು."

ಅವಳು ನೀಲಿ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ನಾನೇನು ಸುಳ್ಳು ಹೇಳು ಅಂತಿದೀನಾ? ಹಬೆ ತುಂಬಿತ್ತು, ಯಾರು ಅಂತ ಸರಿಯಾಗಿ ಕಾಣ್ಲಿಲ್ಲ ಅನ್ನು. ಎರಡು ವರ್ಷ ಆಯ್ತು, ಮರ್ತೋಯ್ತು ಅನ್ನು. ಮರೆಯೋದೂ ಒಂದು ತಪ್ಪಾ?"

"ಬೆಳಿಗ್ಗೆ ನಾನು ಹೇಳಿದ್ದು ಕೇಳ್ಲಿಲ್ವಾ ನೀನು?" ಎಂದಳು ಅವಳು, ಮೆಲ್ಲಗೆ. "ನಿಂಗೋಸ್ಕರ ಹೇಳಿದ್ದೂ?"

"ಅದೆಲ್ಲ ಹೋಯ್ತಲ್ಲೇ. ಈಗಿಂದು ನೋಡು."

ಅವನು ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಅವರಿಬ್ಬರನ್ನೂ ದಾಟಿ, ಸಭಾಂಗಣ ದಾಟಿ, ನ್ಯಾಯಾಧೀಶರ ಕೊಠಡಿಯ ಬಾಗಿಲಲ್ಲಿ ಶಿರಸ್ತೇದಾರರು, "ಏನ್ರೀ, ಬೆಂಕಿ ಬಿದ್ದವರ ಹಾಗೆ?" ಎನ್ನುತ್ತಿದ್ದಂತೆಯೇ ಒಳಗೆ ಹೋಗಿ ಹಾಳೆಗಳನ್ನು ಮೇಜಿನ ಮೇಲಿಟ್ಟ. ಅಣಿಮಾಡಿಕೊಂಡಿದ್ದ ವಾಕ್ಯಗಳೆಲ್ಲ ಎಲ್ಲೋ ಬಿದ್ದುಹೋಗಿದ್ದವು. "ಆ ಹುಡುಗಿ ಒತ್ತಿದಾಳೆ ಸಾರ್. ಅಳಿಸಿದ್ದು ನಾನು," ಎಂದ. ಉಳಿದದ್ದು ತೊದಲುತ್ತ ಬಂತು: ಬ್ಯಾಟರಿ, ಗುರುತು, ಹದಿಮೂರು ವಾರ, ತಂತಿಗೆ ಬಿಗಿದ ಪಟ್ಟಿ. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

"ಇದನ್ನೆಲ್ಲ ಸಂಜೆಯೊಳಗೆ ಬರೆದುಕೊಡಿ. ನಾಳೆಯಿಂದ ನೀವು ಬರೋದು ಬೇಡ, ಕರೆಸಿದಾಗ ಬನ್ನಿ. ಸಾಕ್ಷಿಯನ್ನ ಇವತ್ತೇ ಮತ್ತೆ ಕೇಳೋಣ." ಕನ್ನಡಕ ಹಾಕಿಕೊಂಡು, "ಆಕೆಗೆ ನೀವೇ ಹೇಳಿ," ಎಂದರು.

ಎರಡೂವರೆಗೆ ಎಲ್ಲರೂ ತಂತಮ್ಮ ಜಾಗದಲ್ಲಿದ್ದರು. ಆರೋಪಿಗಳ ಬೆಂಚಿನಲ್ಲಿ ಕಾರ್ಖಾನೆಯ ಮಾಲೀಕ, ಪಕ್ಕದಲ್ಲಿ ಮೇಸ್ತ್ರಿ. ಯಂತ್ರ ನೋಡಿಕೊಳ್ಳುವವನು ಸಾಕ್ಷಿಯ ಕಟಕಟೆಯ ಹತ್ತಿರ ಹೋಗಿ ನಿಂತಾಗ ಅಂಗಿಯ ಜೇಬಿನ ಭಾರ ಎದೆಯನ್ನು ಒಂದು ಪಕ್ಕಕ್ಕೆ ಎಳೆಯುತ್ತಿತ್ತು.

"ಅಮ್ಮ, ಬೆಳಿಗ್ಗೆ ನೀವು ಹೇಳಿದ್ದೆಲ್ಲ ಹೋಯ್ತು. ತಪ್ಪು ನಂದು. ಇನ್ನೊಂದು ಸಲ ಹೇಳ್ಬೇಕಾಗತ್ತೆ."

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಎಲ್ಲಿಗೆ ಹೋಯ್ತು?" ಎಂದಳು.

ಕೇಳಿದ್ದು ವ್ಯಂಗ್ಯಕ್ಕಲ್ಲ. ಹೋದ ವಸ್ತು ಎಲ್ಲಾದರೂ ಹೋಗಿರುತ್ತದಲ್ಲ ಎಂಬುದಷ್ಟೇ ಆ ದನಿಯಲ್ಲಿತ್ತು. ಅವನು ಕೈ ಮುಗಿದು ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟ.

ಅವಳು ಹೇಳತೊಡಗಿದಳು. ಅಳಲಿಲ್ಲ, ತಡೆಯಲಿಲ್ಲ, ಎಲ್ಲಿಯೂ ಹಿಂದಕ್ಕೆ ಹೋಗಲಿಲ್ಲ. ಅಂದು ಎಷ್ಟು ಗಂಟೆ, ತಾನು ಎಲ್ಲಿ ನಿಂತಿದ್ದೆ, ವಾಲ್ವ್ ಎಷ್ಟು ದೂರ, ತಂತಿ ಎಂಥದು. ಹತ್ತು ನಿಮಿಷದೊಳಗೆ ಬೆರಳಚ್ಚುಗಾರ್ತಿ ಎರಡು ಸಲ ತಲೆಯೆತ್ತಿ ನೋಡಿದಳು. ಕೇಳುತ್ತಿರುವ ಮಾತಿಗೂ ಕೇಳಿದ್ದ ಮಾತಿಗೂ ನಡುವೆ ಏನನ್ನೋ ಹುಡುಕುವವಳಂತೆ. ಗೋಡೆಗೊರಗಿದವನಿಗೂ ಗೊತ್ತಾಗುತ್ತಿತ್ತು. ಎಲ್ಲ ಸಂಗತಿಯೂ ಬರುತ್ತಿತ್ತು, ಒಂದೂ ತಪ್ಪದೆ. ಆದರೆ ಊಟ ಬಿಟ್ಟು ಅತ್ತವನೊಬ್ಬನು ಇದರಲ್ಲಿ ಇರಲಿಲ್ಲ.

"ತಂತಿ ಕಟ್ಟಿದ್ದು ಯಾರು?" ಎಂದು ಸರ್ಕಾರಿ ವಕೀಲರು ಕೇಳಿದರು.

"ಆ ಮೇಸ್ತ್ರಿ."

"ಯಾರು ಹೇಳಿ ಕಟ್ಟಿಸಿದ್ರು?"

ಮಾಲೀಕ ಕುಳಿತಲ್ಲೇ ಸ್ವಲ್ಪ ಮುಂದಕ್ಕೆ ಬಾಗಿದ.

"ಅದು ನಂಗೊತ್ತಿಲ್ಲ. ಕಟ್ಟಿದವರನ್ನೇ ಕೇಳಿ."

ಮಾಲೀಕ ಬೆಂಚಿಗೆ ಒರಗಿಕೊಂಡ. ಸರ್ಕಾರಿ ವಕೀಲರು ಬೆಳಿಗ್ಗೆ ಗುರುತು ಹಾಕಿಕೊಂಡಿದ್ದ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನ್ಯಾಯಾಧೀಶರು ತಲೆಯೆತ್ತಿದರು.

"ಬೆಳಿಗ್ಗೆ ನೀವು 'ನಮ್ಮಣ್ಣ' ಅಂದ್ರಿ, ಅಮ್ಮ."

"ಬೆಳಿಗ್ಗೆ ಅಂದಿದ್ದೆ, ಸ್ವಾಮಿ."

ಕೀಲಿಮಣೆಯ ಸದ್ದು ನಿಂತಿತು. ಇದನ್ನೂ ಬರೆಯಬೇಕೇ ಎಂದು ಬೆರಳಚ್ಚುಗಾರ್ತಿ ಮೇಲಕ್ಕೆ ನೋಡಿದಳು. ನ್ಯಾಯಾಧೀಶರು ಆ ನೀಲಿ ಕೈಗಳನ್ನು ನೋಡಿ, "ಬರೆದುಕೊಳ್ಳಿ," ಎಂದರು. ಆರೋಪಿಗಳ ಬೆಂಚಿನಲ್ಲಿ ಮೇಸ್ತ್ರಿ ಅರ್ಧ ಎದ್ದಿದ್ದ. ಪುಟ್ಟಿ ಎಂದು ತಂಗಿಯನ್ನು ಕರೆಯುವ ಹೆಸರಿನ ಮೊದಲಕ್ಷರಕ್ಕೆ ಅವನ ತುಟಿಗಳೆರಡೂ ಕೂಡಿಕೊಂಡಿದ್ದವು, ಕೂಡಿಕೊಂಡವು ಬಿಡಲಿಲ್ಲ. ಗೋಡೆಗೊರಗಿದವನು ಅವು ಬಿಡುವುದನ್ನೇ, ಇನ್ನೇನು ಬಿಡುತ್ತವೆಂದು, ಕಾಯುತ್ತ ನಿಂತ.